ಹಗ್ಗ ಹಿಡಿದವಳು ಹೇಳಿದ್ದು

ಕಡ್ಡಿಯನ್ನು ಕೊಂದದ್ದು ಚಿಪ್ಪುಹಂದಿ ಎಂದು ತೀರ್ಮಾನವಾದದ್ದು ಅವಳ ಹೆಣ ಬಿಲದಿಂದ ಹೊರಗೆ ಬರುವ ಮೊದಲೇ.

ಕಾಲುವೆಯ ಏರಿಯನ್ನು ಹೆಂಗಸರು ಬರಿಗೈಯಲ್ಲಿ ಬಗೆಯುತ್ತಿದ್ದರು. ಗುದ್ದಲಿ ಹಾಕಿದರೆ ಮಣ್ಣಿನೊಳಗಿದ್ದವಳ ತಲೆಗೆ ತಗುಲೀತು ಎಂಬ ಹೆದರಿಕೆ. ಉಗುರು ಕಿತ್ತು ಬಂದವು. ರಕ್ತ ಕೆಸರಿಗೆ ಸೇರಿ ಯಾವುದು ಯಾವುದೆಂದು ತಿಳಿಯದಾಯಿತು. ಅವರ ಬೆನ್ನ ಹಿಂದೆ, ಜೀಪಿನ ಮಗ್ಗುಲಲ್ಲಿ ನಿಂತು, ಮೇಸ್ತ್ರಿ ದೊಡ್ಡ ಸಾಹೇಬನಿಗೆ ಹೇಳುತ್ತಿದ್ದ.

"ಒಳಗೆ ಪ್ರಾಣಿ ಇತ್ತು ಸಾರ್. ಎಳ್ಕೊಂಡು ಹೋಗಿದೆ. ಈ ಜನಕ್ಕೆ ಎಷ್ಟು ಹೇಳಿದ್ರೂ ಅಷ್ಟೇ."

ದೊಡ್ಡ ಸಾಹೇಬ ಜೀಪಿನಿಂದ ಇಳಿದಿರಲಿಲ್ಲ. ಕಿಟಕಿಯಿಂದಲೇ ಕೇಳಿದ. "ಪ್ರಾಣಿ ಅನ್ನೋದು ಗ್ಯಾರಂಟೀನಾ?"

"ಗ್ಯಾರಂಟಿ ಸಾರ್."

"ಹಾಗಾದ್ರೆ ಪ್ರಾಣಿ."

ಹಗ್ಗದಕ್ಕನ ಸೊಂಟಕ್ಕೆ ಹಗ್ಗ ಇನ್ನೂ ಸುತ್ತಿಕೊಂಡಿತ್ತು. ಇನ್ನೊಂದು ತುದಿ ಕಡ್ಡಿಯ ಕಾಲಿನಲ್ಲಿತ್ತು. ತಿರುಗಿ ನೋಡಲು ಅವಳಿಗೆ ಪುರುಸೊತ್ತಿರಲಿಲ್ಲ. ಕೈ ಮಣ್ಣು ಬಗೆಯುತ್ತಿತ್ತು. ಕಿವಿ ಆ ಮಾತನ್ನು ಹಿಡಿದಿಟ್ಟುಕೊಂಡಿತು.

ಅವರಿಬ್ಬರೂ ವಾರಗಿತ್ತಿಯರು. ಹಗ್ಗದಕ್ಕ ಅಣ್ಣನ ಹೆಂಡತಿ, ಕಡ್ಡಿ ತಮ್ಮನ ಹೆಂಡತಿ. ಏರಿಯ ಬುಡದಲ್ಲಿ ಒಂದೇ ಗುಡಿಸಲು. ನಡುವೆ ತುಕ್ಕು ಹಿಡಿದ ತಗಡೊಂದನ್ನು ಅಡ್ಡ ನಿಲ್ಲಿಸಿ ಅದನ್ನು ಎರಡು ಮನೆ ಎಂದು ಕರೆಯುತ್ತಿದ್ದರು. ಬೆಳಗಾದರೆ ತಗಡಿನ ಆ ಕಡೆಯಿಂದ ಈ ಕಡೆಗೆ ಜಗಳ ಶುರು. ಕೊಡ ಮೊದಲು ಇಟ್ಟವರು ಯಾರು, ಒಲೆಯ ಬೂದಿ ಬಾಚದೆ ಬಿಟ್ಟವರು ಯಾರು, ಅತ್ತೆಯ ಕಾಲು ಒತ್ತುವ ಸರದಿ ಯಾರದು. ಕಡ್ಡಿಯ ಬಾಯಿ ಅವಳ ಮೈಯ ಎರಡರಷ್ಟಿತ್ತು. "ನಿನ್ನ ಸಾರು ಕಾಲುವೆಗೆ ಸುರಿದ್ರೆ ಮೀನು ಊರು ಬಿಟ್ಟು ಹೋಗ್ತಾವೆ ಅಕ್ಕ" ಎನ್ನುವಳು. "ನಿನ್ನ ಮಾತಿಗೆ ಗಂಡನೇ ಬಿಟ್ಟು ಹೋಗ್ಬೇಕಿತ್ತು, ಪಾಪ, ದಾರಿ ಗೊತ್ತಿಲ್ಲ ಅವನಿಗೆ" ಎಂದು ಹಗ್ಗದಕ್ಕ ತಿರುಗಿಸಿ ಕೊಡುವಳು. ಹೀಗೆ ಬೈದಾಡಿಕೊಂಡೇ ಇಬ್ಬರೂ ಏರಿ ಹತ್ತುವರು. ಹತ್ತಿದ ಮೇಲೆ ಒಬ್ಬಳು ಕೂತು ಇನ್ನೊಬ್ಬಳ ಕಾಲಿಗೆ ಹಗ್ಗ ಕಟ್ಟುವಳು.

ಏರಿ ಎಂದರೆ ಮಣ್ಣಿನ ಗೋಡೆ. ಒಂದು ಮಗ್ಗುಲಿಗೆ ಕಾಲುವೆ, ಇನ್ನೊಂದು ಮಗ್ಗುಲಿಗೆ ತಗ್ಗಿನ ಹೊಲಗಳು, ನೆತ್ತಿಯ ಮೇಲೆ ಗಾಡಿ ಓಡುವಷ್ಟು ದಾರಿ. ಏರಿಯ ಹೊಟ್ಟೆಗೆ ಗೆದ್ದಲು ಸೇರುತ್ತದೆ. ಗೆದ್ದಲಿನ ವಾಸನೆ ಹಿಡಿದು ಚಿಪ್ಪುಹಂದಿ ಬರುತ್ತದೆ. ಆ ಕಡೆಯದು ದೊಡ್ಡ ಜಾತಿ. ಮೂಗಿನಿಂದ ಬಾಲದ ತುದಿಯವರೆಗೆ ಮಲಗಿಸಿದರೆ ಒಬ್ಬ ಆಳು ಮಲಗಿದಂತೆ. ಮೈತುಂಬ ಚಿಪ್ಪು. ಚಿಪ್ಪೆಂದರೆ ಬೇರೇನೂ ಅಲ್ಲ, ನಮ್ಮ ಉಗುರಿನಂಥದೇ. ಬಾಯಿ ಎಂದರೆ ಒಂದು ತೂತು. ಅದರೊಳಗೆ ಹಲ್ಲೇ ಇಲ್ಲ. ಅಂಟಂಟಾದ ನಾಲಿಗೆಯೊಂದಿದೆ, ಅದರ ಬುಡ ಗಂಟಲಲ್ಲಲ್ಲ, ಎಲ್ಲೋ ಎದೆಯ ಕೆಳಗಿದೆ. ನಾಲಿಗೆ ಹುತ್ತದೊಳಗೆ ಹೋಗುತ್ತದೆ, ಗೆದ್ದಲು ಮೆತ್ತಿಕೊಂಡು ಬರುತ್ತದೆ. ಜೊತೆಗೆ ಒಂದಿಷ್ಟು ಮರಳನ್ನೂ ನುಂಗುತ್ತದೆ. ಹಲ್ಲಿನ ಕೆಲಸವನ್ನು ಆ ಮರಳು ಹೊಟ್ಟೆಯಲ್ಲಿ ಮಾಡುತ್ತದೆ. ಮುಂಗಾಲಿನ ಉಗುರು ಮಾತ್ರ ಹಾರೆಯಂತೆ. ಗಟ್ಟಿ ನೆಲವನ್ನೂ ಬಿಡದೆ ಒಡೆಯುತ್ತದೆ. ಇರುಳೆಲ್ಲ ದುಡಿದು ಬೆಳಕು ಹರಿದರೆ ಬಿಲಕ್ಕೆ ಇಳಿದು, ಹಿಂದಿನಿಂದ ಮಣ್ಣು ಎಳೆದು ಬಾಗಿಲು ಮುಚ್ಚಿ ಮಲಗುತ್ತದೆ. ಹೆದರಿದರೆ ಉಂಡೆಯಾಗುತ್ತದೆ. ಉಂಡೆಯಾದ ಮೇಲೆ ನೀವು ಏನು ಮಾಡಿದರೂ ಅದು ಏನೂ ಮಾಡುವುದಿಲ್ಲ.

ಹೆಂಗಸರು ಅದನ್ನು 'ಅತ್ತೆ' ಎಂದು ಕರೆಯುತ್ತಿದ್ದರು. ಹಗಲೆಲ್ಲ ನಿದ್ದೆ, ಮುಟ್ಟಿದರೆ ಮುನಿಸು, ಮುನಿದರೆ ಮಾತಿಲ್ಲ. "ಅತ್ತೆ ಮನೇಲಿದ್ದಾಳಾ?" ಎಂದು ಮೇಲಿನಿಂದ ಕೇಳುವರು. ಒಳಗೆ ಹೋದವಳು ಕೂಗಿ ಹೇಳುವಳು. ಇದ್ದರೆ ಬೆನ್ನು ತಟ್ಟಬೇಕು. ಅದು ಉಂಡೆಯಾಗುತ್ತದೆ. ಗೋಣಿಗೆ ಉರುಳಿಸಿಕೊಂಡು ಹೊರಗೆ ತಂದು ಹೊಲದಾಚೆಯ ಕುರುಚಲಲ್ಲಿ ಬಿಟ್ಟು ಬರುವುದು. ಅವರ ತಾಯಂದಿರ ಕಾಲದಿಂದಲೂ ಅದೇ. ಯಾರಿಗೂ ಒಂದು ಗೀರು ಬಿದ್ದದ್ದಿಲ್ಲ.

ಬಿಲ ಬಿಟ್ಟರೆ ನೀರು ಅದರೊಳಗೆ ದಾರಿ ಮಾಡಿಕೊಂಡು ಏರಿ ಒಡೆಯುತ್ತದೆ. ಸರಿಯಾದ ರಿಪೇರಿ ಇದೆ. ಏರಿಯನ್ನು ಮೇಲಿನಿಂದ ಅಗೆದು ತೆರೆಯಬೇಕು, ಹೊಸ ಮಣ್ಣು ತುಂಬಬೇಕು, ಪದರ ಪದರವಾಗಿ ದಮ್ಮಸ್ಸು ಹೊಡೆಯಬೇಕು. ಅದಕ್ಕೆ ಯಂತ್ರ ತರಬೇಕು, ಕಾಲುವೆ ನಿಲ್ಲಿಸಬೇಕು. ಹೆಂಗಸಿಗಾದರೆ ಒಂದು ಹಗ್ಗ ಸಾಕು. ಗಂಡಸರ ಹೆಗಲು ಬಿಲಕ್ಕೆ ಹಿಡಿಸುವುದಿಲ್ಲ. ತೆಳ್ಳಗಿನ ಹೆಂಗಸು ತಲೆ ಮುಂದಾಗಿ, ಹೊಟ್ಟೆಯ ಮೇಲೆ ತೆವಳಿ ಒಳಗೆ ಹೋಗುತ್ತಾಳೆ. ಜೇಡಿಮಣ್ಣಿನ ಉಂಡೆಗಳನ್ನು ಗೋಣಿಯಲ್ಲಿ ಅವಳ ಹಿಂದೆಯೇ ತಳ್ಳುತ್ತಾರೆ. ಕತ್ತಲಲ್ಲಿ, ಮೊಣಕೈ ಮಡಿಸಲೂ ಜಾಗವಿಲ್ಲದ ಕಡೆ, ಅವಳು ಮುಷ್ಟಿಯಿಂದ ಮಣ್ಣನ್ನು ಗುದ್ದಿ ಗುದ್ದಿ ತುಂಬಿಕೊಂಡು ಹಿಂದಕ್ಕೆ ಬರುತ್ತಾಳೆ. ಉಸಿರಿಗೆ ಮಣ್ಣು. ಕಣ್ಣಿಗೆ ಮಣ್ಣು. ಗೆದ್ದಲು ಕಿವಿಯೊಳಗೆ, ಕಂಕುಳಿಗೆ, ಹೇಳಲಾಗದ ಕಡೆಗೆಲ್ಲ. ಬೇನೆ ಇರಲಿ, ಮುಟ್ಟಿರಲಿ, ಹೊಟ್ಟೆಯಲ್ಲಿ ಮಗುವಿರಲಿ, ನೀರು ಬಿಡುವ ಹೊತ್ತು ಬಂದರೆ ಇಳಿಯಲೇಬೇಕು. ಮೇಸ್ತ್ರಿ ಮೇಲೆ ನಿಂತು, "ಒಳಗೆ ನಿದ್ದೆ ಹೊಡೀತಿದೀಯೇನೇ?" ಎನ್ನುತ್ತಾನೆ. ಊರವರು ಈ ಜನಕ್ಕೆ ಇಟ್ಟ ಹೆಸರು 'ಬಿಲದವರು'. ಅಂಗಡಿಯಲ್ಲಿ ಅವರಿಗೆ ಸಾಮಾನು ಕೈಗೆ ಕೊಡುವುದಿಲ್ಲ. ಕಟ್ಟೆಯ ಮೇಲೆ ಇಡುತ್ತಾರೆ.

ಹಗ್ಗ ಯಾರ ಕೈಗೆ ಕೊಡಬೇಕೆಂಬುದಕ್ಕೆ ಬಿಲದವರಲ್ಲಿ ಒಂದು ಕಟ್ಟುಪಾಡಿತ್ತು. ನಿನ್ನ ಜೊತೆ ಜಗಳವಾಡುವವಳ ಕೈಗೇ ಕೊಡಬೇಕು. ಗೆಳತಿಯಾದರೆ ಮೇಲೆ ಕೂತು ಇನ್ನೊಬ್ಬಳ ಜೊತೆ ನಗುತ್ತಾ ಮೈಮರೆತಾಳು. ನಿನ್ನ ಒಂದೊಂದು ತಪ್ಪನ್ನೂ ನೆನಪಿಟ್ಟುಕೊಳ್ಳುವವಳು ನಿನ್ನ ಕಾಲಿನ ಒಂದು ಕೊಸರಾಟವನ್ನೂ ತಪ್ಪಿಸಿಕೊಳ್ಳುವುದಿಲ್ಲ. ಅದಕ್ಕೇ ಕಡ್ಡಿಯ ಹಗ್ಗ ಯಾವಾಗಲೂ ಹಗ್ಗದಕ್ಕನ ಸೊಂಟದಲ್ಲಿ. ಇನ್ನೊಂದು ನಿಯಮವೂ ಇತ್ತು. ಒಳಗೆ ಜನ ಇರುವಾಗ ಏರಿಯ ಮೇಲೆ ಕೆಂಪು ಬಟ್ಟೆ ಕಟ್ಟಿದ ಕೋಲು ನೆಡಬೇಕು. ಕೋಲು ಇದ್ದಷ್ಟು ಹೊತ್ತು ಗಾಡಿ ಬರಕೂಡದು. ಇದನ್ನು ಕಾಲುವೆ ಕಚೇರಿಯೇ ಮಾಡಿದ್ದು. ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದ್ದು.

ಆ ದಿನ ಕೋಲು ನೆಟ್ಟಿತ್ತು. ಕಡ್ಡಿ ಒಳಗಿದ್ದಳು. "ಅತ್ತೆ ಇದ್ದಾಳಾ?" ಎಂದು ಹಗ್ಗದಕ್ಕ ಕೂಗಿದ್ದಳು. ನೆಲದೊಳಗಿಂದ ಕಡ್ಡಿಯ ದನಿ ಬಂತು. "ಇದ್ದಾಳೆ, ಆ ಕೊನೇಲಿ ಗೊರಕೆ ಹೊಡೀತಿದ್ದಾಳೆ. ನಿನ್ನ ದನಿ ಕೇಳಿದ್ರೆ ಎದ್ದು ಕಾಲು ಒತ್ತು ಅಂತಾಳೆ, ಬಾಯಿ ಮುಚ್ಚು."

ಹೆಂಗಸರು ನಕ್ಕರು. ಅಷ್ಟರಲ್ಲಿ ಜೀಪು ಕಾಣಿಸಿತು. ಕಚೇರಿಯ ದೊಡ್ಡ ಸಾಹೇಬ ಏರಿಯನ್ನು ನೋಡಲು ಬಂದಿದ್ದ. ಕೋಲಿನ ಮುಂದೆ ಜೀಪು ನಿಂತಿತು. ಇಳಿದು ನಾಲ್ಕು ಹೆಜ್ಜೆ ನಡೆದರೆ ಆಗುತ್ತಿತ್ತು. ಕೆಸರಿತ್ತು. ಡ್ರೈವರು ಹಾರ್ನ್ ಹೊಡೆದ. ಮೇಸ್ತ್ರಿ ಓಡಿ ಬಂದು ಕೋಲು ಕಿತ್ತು ಕಂಕುಳಲ್ಲಿಟ್ಟುಕೊಂಡು, "ಬನ್ನಿ ಸಾರ್, ಬನ್ನಿ ಬನ್ನಿ" ಎಂದು ಕೈ ಬೀಸಿದ.

"ಒಳಗೆ ಜನ ಇದ್ದಾರೆ!" ಹೆಂಗಸರು ಕಿರುಚಿದರು. "ಒಳಗೆ ಜನ!"

ಜೀಪು ಬಂತು. ಹಗ್ಗದಕ್ಕನ ಸೊಂಟದಲ್ಲಿ ಹಗ್ಗ ಒಮ್ಮೆ ಬಿಗಿಯಿತು. ಒಂದೇ ಸಲ. ಜೀಪು ದಾಟಿದ ಬೆನ್ನಿಗೇ ಏರಿ ಕುಸಿಯಿತು.

*

ಕುಸಿದ ಮಣ್ಣಿನಾಚೆ, ಬಿಲದ ಕೊನೆಯ ಗೂಡಿನಲ್ಲಿ, ಚಿಪ್ಪುಹಂದಿ ಉಂಡೆಯಾಗಿ ಬದುಕಿತ್ತು. ಮೇಸ್ತ್ರಿಗೆ ಅದು ಸಿಕ್ಕದ್ದೇ ತಡ. ಕಬ್ಬಿಣದ ಪಂಜರ ಬಂತು. ಕಚೇರಿಯ ಅಂಗಳದಲ್ಲಿ ಪಂಜರವಿಟ್ಟು ರಟ್ಟಿನ ಮೇಲೆ ಬರೆಸಿದರು: 'ಮನುಷ್ಯರನ್ನು ಕೊಂದ ಪ್ರಾಣಿ. ಹತ್ತಿರ ಹೋಗಬೇಡಿ.' ಜನ ಹತ್ತಿರವೇ ಹೋದರು. ಕೋಲಿನಿಂದ ತಿವಿದರು. ಕಲ್ಲೆಸೆದು ಚಿಪ್ಪಿನ ಸದ್ದು ಕೇಳಿದರು. ಅದು ಬಿಚ್ಚಿಕೊಳ್ಳಲಿಲ್ಲ. ತಿನ್ನಲು ಯಾರೋ ಮಾಂಸದ ತುಂಡು ಹಾಕಿದ್ದರು. ಕೊಲೆಗಾರ ಎಂದ ಮೇಲೆ ಮಾಂಸ ತಿನ್ನಲೇಬೇಕಲ್ಲ. ಮಾಂಸದ ಮೇಲೆ ನೊಣ ಕೂತವು.

ಕಡ್ಡಿಯನ್ನು ಮಣ್ಣು ಮಾಡಿ ಬಂದ ಸಂಜೆ ಮೈದುನ ತಗಡಿನ ಈ ಕಡೆಗೆ ಬಂದು ಕೂತ. ಅವನು ಕಡ್ಡಿಯ ಗಂಡ. ಮಣ್ಣು ಹೊರುವ ಆಳು, ಹೆಚ್ಚು ಮಾತಿನವನಲ್ಲ. ಕಲ್ಲು ಒಡೆಯಲು ದೂರ ಹೋಗಿದ್ದ ಹಗ್ಗದಕ್ಕನ ಗಂಡನಿಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ. ಮೂಲೆಯಲ್ಲಿ ಮುದುಕಿ ಅತ್ತೆ ಮೊಣಕಾಲಿಗೆ ಗಲ್ಲ ಊರಿ ಕೂತಿದ್ದಳು. ಬಿಲಕ್ಕೆ ಇಳಿದೂ ಇಳಿದೂ ಅವಳ ಬೆನ್ನು ಮತ್ತೆ ನೆಟ್ಟಗಾಗಿರಲಿಲ್ಲ.

"ಅತ್ತಿಗೆ," ಎಂದ ಮೈದುನ. "ಮೇಸ್ತ್ರಿ ಕರೆಸಿದ್ದ."

"ಏನಂತೆ?"

"ತೂಬು ಕಾಯೋ ಕೆಲಸ ಕೊಡಿಸ್ತಾನಂತೆ. ಪರ್ಮನೆಂಟು. ಕ್ವಾರ್ಟರ್ಸು ಇದೆ. ಒಳಗೇ ನಲ್ಲಿ ಇದೆ."

"ಯಾರನ್ನ ಕೊಂದು ಕೊಡ್ತಾನಂತೆ?"

ಮೈದುನ ನೆಲ ನೋಡಿದ. "ನಾಳೆ ವಿಚಾರಣೆ. ಹಗ್ಗ ಹಿಡಿದೋಳು ನೀನು. ನಿನ್ನ ಮಾತು ಬೇಕು ಅವರಿಗೆ. ಪ್ರಾಣಿ ಎಳೀತು, ಹಗ್ಗ ಎಳೆದ್ರೂ ಬರ್ಲಿಲ್ಲ ಅಂದ್ಬಿಡು ಅತ್ತಿಗೆ. ಮುಗೀತು. ಅವಳೇನು ಎದ್ದು ಬರ್ತಾಳಾ?"

"ಅನ್ನದಿದ್ರೆ?"

"ಅನ್ನದಿದ್ರೆ..." ಅವನಿಗೆ ಹೇಳಲು ಹೆದರಿಕೆಯಾಯಿತು. ಆದರೂ ಹೇಳಿದ. "ಇವರಿಬ್ಬರಿಗೂ ದಿನಾ ಜಗಳ, ಇಡೀ ಗುಡಿಸಲು ಸಾಲಿಗೇ ಗೊತ್ತು, ಬೇಕಂತಲೇ ಹಗ್ಗ ಬಿಟ್ಟಿದ್ದಾಳೆ ಅಂತ ಬರೆಸ್ತಾನಂತೆ. ನಿನ್ನ ಮೇಲೇ ಕೇಸು."

ಹಗ್ಗದಕ್ಕ ನಕ್ಕಳು. ಆ ನಗು ಕೇಳಿ ಮೈದುನ ಹಿಂದಕ್ಕೆ ಸರಿದ. ಅವಳು ಮೈಮೇಲಿನ ಬಟ್ಟೆ ಸರಿಸಿ ಸೊಂಟ ತೋರಿಸಿದಳು. ಹಗ್ಗ ಕೊರೆದ ಗೆರೆ ಬಾತು ನೀಲಿಗಟ್ಟಿತ್ತು. ತೊಗಲು ಸುಲಿದ ಕಡೆ ಕೀವಾಡುತ್ತಿತ್ತು.

"ಬಿಟ್ಟಿದ್ದು ಇದು," ಎಂದಳು. "ನೋಡು. ಸರಿಯಾಗಿ ನೋಡು."

ಅವನು ನೋಡಲಿಲ್ಲ. "ನಾನು ಬದುಕೋದು ಬೇಡ್ವಾ?" ಎಂದ. "ನನಗೂ ಗೊತ್ತು ಜೀಪು ಅಂತ. ಯಾರಿಗೆ ಗೊತ್ತಿಲ್ಲ ಹೇಳು? ಗೊತ್ತಿದ್ದು ಏನು ಕಿತ್ಕೊಳ್ಳೋಣ? ಜೀಪಿನ ಮೇಲೆ ಕೇಸು ಹಾಕ್ತಾರಾ? ನಮ್ಮನ್ನ ಏರಿಯಿಂದ ಎಬ್ಬಿಸ್ತಾರೆ. ಅಮ್ಮನ್ನ ಎಲ್ಲಿಗೆ ಹೊತ್ಕೊಂಡು ಹೋಗ್ಲಿ?"

ಇದು ಸುಳ್ಳಲ್ಲ. ಕ್ವಾರ್ಟರ್ಸಿನ ನಲ್ಲಿ ಹಗ್ಗದಕ್ಕನ ಕಣ್ಣ ಮುಂದೆಯೂ ಬಂತು. ಕೊಡದ ಜಗಳವಿಲ್ಲದ ಬೆಳಗು. ಜಗಳವಾಡಲು ಆ ಕಡೆ ಯಾರೂ ಇಲ್ಲದ ಬೆಳಗು.

ಮೂಲೆಯಿಂದ ಮುದುಕಿ ಮಾತನಾಡಿದಳು. "ನನ್ನನ್ನ ಎಲ್ಲಿಗೂ ಹೊರ್ಬೇಡ. ನನ್ನ ಹೆಸರು ಹೇಳ್ಕೊಂಡು ನೀನು ಮಾರಾಟಕ್ಕೆ ಹೋಗ್ಬೇಡ." ಆಮೇಲೆ ಸೊಸೆಯ ಕಡೆ ತಿರುಗಿದಳು. "ಏನು ಹೇಳ್ತೀಯೋ ಹೇಳು. ಆದ್ರೆ ಆ ಪ್ರಾಣಿ ಹೆಸರು ಎತ್ತೋಕೆ ಮುಂಚೆ ಒಂದು ನೆನಪಿಟ್ಕೋ. ಅದು ಕೊಲ್ಲುತ್ತೆ ಅಂತ ನೀನು ಒಪ್ಪಿದ್ರೆ, ಅದನ್ನ ಕೊಂದ ಮೇಲೆ ಬಿಲ ಸಲೀಸು ಅಂತ ಅವರು ಹೇಳ್ತಾರೆ. ಆಮೇಲೆ ಇನ್ನೊಬ್ಬಳನ್ನ ಇಳಿಸ್ತಾರೆ."

*

ವಿಚಾರಣೆ ಕಚೇರಿಯ ಅಂಗಳದಲ್ಲೇ ನಡೆಯಿತು. ಮೇಜಿನ ಹಿಂದೆ ದೊಡ್ಡ ಸಾಹೇಬ, ಅವನ ಪಕ್ಕ ದನದ ಡಾಕ್ಟರು, ಒಬ್ಬ ಗುಮಾಸ್ತ. ಕುರ್ಚಿಯ ಮೇಲೆ ಕೂತವರಿಗೆ ನೆರಳಿತ್ತು. ಬಿಲದವರು ಬಿಸಿಲಲ್ಲಿ ನಿಂತಿದ್ದರು. ಪಂಜರವನ್ನು ನಡುವೆ ತಂದಿಟ್ಟಿದ್ದರು. ಅದರೊಳಗೆ ಉಂಡೆ.

ದೊಡ್ಡ ಸಾಹೇಬನಿಗೆ ಉಂಡೆ ಸಾಲಲಿಲ್ಲ. "ಇದೇನಾ? ನೋಡಿದ್ರೆ ಹಲಸಿನಕಾಯಿ ಇದ್ದಂಗಿದೆ."

"ಬಿಚ್ಚಿಸ್ತೀನಿ ಸಾರ್," ಎಂದು ಮೇಸ್ತ್ರಿ ತಿವಿದ. ಉಂಡೆ ಇನ್ನೂ ಬಿಗಿಯಾಯಿತು. ಬಿಲದವರ ಸಾಲಿನಲ್ಲಿ ಯಾರೋ ಪಕಪಕ ನಕ್ಕು ಸುಮ್ಮನಾದರು.

"ಡಾಕ್ಟ್ರೇ, ಇದು ಮನುಷ್ಯರ ಮೇಲೆ ಬೀಳುತ್ತಾ?"

ಡಾಕ್ಟರು ಕನ್ನಡಕ ಒರೆಸಿದ. ಹಾಕಿಕೊಂಡ. ಮತ್ತೆ ತೆಗೆದ. "ಉಗುರು ದೊಡ್ಡದಿದೆ ಸಾರ್," ಎಂದ.

"ಅಂದ್ರೆ ಬೀಳುತ್ತೆ."

"ಉಗುರಂತೂ ದೊಡ್ಡದೇ ಸಾರ್."

ಗುಮಾಸ್ತ ಬರೆದುಕೊಂಡ. ಮೇಸ್ತ್ರಿ ಒಂದು ಕೊಡ ನೀರು ತರಿಸಿ ಪಂಜರದ ಮೇಲೆ ಸುರಿದ. ನೀರು ಚಿಪ್ಪಿನ ಸಂದಿಗೆಲ್ಲ ಇಳಿಯಿತು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಉಂಡೆ ಮೆಲ್ಲಗೆ ಬಿಚ್ಚಿತು. ಮೊದಲು ಬಾಲ, ಆಮೇಲೆ ಉದ್ದ ಮೂತಿ. ಎಣ್ಣೆ ತೀರಿದ ದೀಪದಂಥ ಸಣ್ಣ ಕಣ್ಣು. ಅದು ಹಿಂಗಾಲುಗಳ ಮೇಲೆ ಎದ್ದು ನಿಂತಿತು. ಆ ಜಾತಿ ನಡೆಯುವುದೇ ಹಾಗೆ. ಅಗೆಯುವ ಉಗುರು ಸವೆಯದಿರಲೆಂದು ಮುಂಗಾಲುಗಳನ್ನು ನೆಲಕ್ಕೆ ತಾಗಿಸದೆ, ಒಳಕ್ಕೆ ಮಡಿಚಿ, ಎದೆಯ ಮುಂದೆ ಹಿಡಿದುಕೊಳ್ಳುತ್ತದೆ. ಬೆನ್ನು ಬಾಗಿಸಿ, ತಲೆ ತಗ್ಗಿಸಿ, ಎರಡು ಕೈಯನ್ನೂ ಎದೆಗೆ ಅವಚಿಕೊಂಡು ಅದು ದೊಡ್ಡ ಸಾಹೇಬನ ಮುಂದೆ ನಿಂತಿತು.

ಹಗ್ಗದಕ್ಕ ಅದನ್ನು ನೋಡಿದಳು. ಪಕ್ಕದಲ್ಲಿ ನಿಂತ ಮೈದುನನನ್ನು ನೋಡಿದಳು. ಅವನ ಬೆನ್ನು ಬಾಗಿತ್ತು, ಕೈ ಎದೆಯ ಮುಂದಿತ್ತು. ಅವನ ಹಿಂದೆ ಬಿಲದವರ ಇಡೀ ಸಾಲು ಹಾಗೇ ನಿಂತಿತ್ತು. ತನ್ನ ಕೈ ನೋಡಿಕೊಂಡಳು. ಅದೂ ಎದೆಯ ಮುಂದೆಯೇ ಇತ್ತು. ಯಾವಾಗ ಹೋಗಿ ಅಲ್ಲಿ ಸೇರಿಕೊಂಡಿತೋ ಅವಳಿಗೆ ತಿಳಿದಿರಲಿಲ್ಲ.

ಅವಳು ಕೈ ಕೆಳಗಿಳಿಸಿದಳು.

"ಏ, ಸಾಹೇಬ್ರ ಮುಂದೆ ನೆಟ್ಟಗೆ ನಿಂತ್ಕೋ," ಎಂದ ಮೇಸ್ತ್ರಿ.

"ನೆಟ್ಟಗೇ ನಿಂತಿದೀನಿ," ಎಂದಳು. "ಈಗಲೇ ನಿಂತದ್ದು."

ದೊಡ್ಡ ಸಾಹೇಬ ಕೇಳಿದ. "ನೀನೇನಮ್ಮ ಹಗ್ಗ ಹಿಡಿದೋಳು? ಹೇಳು. ಪ್ರಾಣಿ ಅವಳನ್ನ ಒಳಕ್ಕೆ ಎಳೀತು. ನೀನು ಎಳೆದ್ರೂ ಬರ್ಲಿಲ್ಲ. ಹೌದಾ?"

"ಅಲ್ಲ."

"ಏನು ಅಲ್ಲ?"

"ಎಲ್ಲಾನೂ ಅಲ್ಲ. ಇದು ಯಾರನ್ನೂ ಎಳೀಲಿಲ್ಲ. ಮಲಗಿತ್ತು. ಕಡ್ಡಿ ಒಳಗಿಂದ ಹೇಳಿದ್ಲು, ಮಲಗಿದೆ ಅಂತ. ಆಮೇಲೆ ನಿಮ್ಮ ಜೀಪು ಬಂತು. ಕೆಂಪು ಬಟ್ಟೆ ನೋಡಿ ನಿಂತಿತ್ತು. ಇವನು ಕೋಲು ಕಿತ್ತ. ನೀವು ಇಳೀಲಿಲ್ಲ. ಏರಿ ಕುಸೀತು. ಅವಳು ಸತ್ಲು."

ಗುಮಾಸ್ತನ ಪೆನ್ನು ನಿಂತಿತು. ಮೇಸ್ತ್ರಿ ಕುಣಿದಾಡಿಬಿಟ್ಟ. "ಸುಳ್ಳು ಸಾರ್! ಇವಳೇ ಸಾರ್! ಇವರಿಬ್ಬರಿಗೂ ಆಗ್ತಾನೇ ಇರ್ಲಿಲ್ಲ. ದಿನಾ ಬೀದಿ ಜಗಳ. ಯಾರನ್ನ ಬೇಕಾದ್ರೂ ಕೇಳಿ. ಬೇಕಂತ ಹಗ್ಗ ಬಿಟ್ಟು ಈಗ ನಾಟಕ."

"ಆಗ್ತಿರ್ಲಿಲ್ಲ," ಎಂದಳು ಹಗ್ಗದಕ್ಕ. "ನಿಜ. ಅದಕ್ಕೇ ಹಗ್ಗ ನನ್ನ ಸೊಂಟದಲ್ಲಿತ್ತು. ನಿಮ್ಮಲ್ಲಿ ಜಗಳ ಆದ್ರೆ ಒಬ್ಬರ ಮನೆ ಒಬ್ಬರು ಒಡೀತೀರ. ನಮ್ಮಲ್ಲಿ ಜಗಳ ಆಡೋಳ ಕೈಗೇ ಜೀವ ಕೊಡ್ತೀವಿ. ನಿನ್ನ ಜೊತೆ ಯಾರೂ ಹಂಗೆ ಜಗಳ ಆಡಿಲ್ಲ ಮೇಸ್ತ್ರಿ, ನಿನಗೆ ಗೊತ್ತಾಗಲ್ಲ ಬಿಡು."

ಸಾಲಿನಲ್ಲಿ ಹೆಂಗಸರು ಒಬ್ಬೊಬ್ಬರಾಗಿ ಕೈ ಇಳಿಸುತ್ತಿದ್ದರು. ದೊಡ್ಡ ಸಾಹೇಬ ಅದನ್ನು ನೋಡಿದ. ಅವನ ಮುಖ ಕೆಂಪಗಾಯಿತು.

"ನೀನು ಹೇಳೋದಕ್ಕೆ ಏನು ಆಧಾರ?"

"ಆಧಾರ ಬೇಕಾ? ಏರಿ ಅಲ್ಲೇ ಇದೆ. ಬಿಲಗಳು ಇನ್ನೂ ಇದಾವೆ. ನೀವು ಇಳೀರಿ ಸಾಹೇಬ್ರೇ. ನಿಮ್ಮ ಕಾಲಿಗೆ ನಾನೇ ಹಗ್ಗ ಕಟ್ತೀನಿ. ಈ ಪ್ರಾಣೀನ ನಿಮ್ಮ ಪಕ್ಕದಲ್ಲೇ ಮಲಗಿಸೋಣ. ಮೊದಲು ಪ್ರಾಣಿ ಕೊಲ್ಲುತ್ತಾ ನೋಡೋಣ. ಕೊಲ್ಲದಿದ್ರೆ ಮೇಲೆ ಜೀಪು ಓಡಿಸಿ ನೋಡೋಣ."

ಡಾಕ್ಟರು ಮೇಜಿನ ಕೆಳಗೆ ಏನೋ ಬಿದ್ದಿದೆ ಎಂಬಂತೆ ಬಗ್ಗಿದ.

ದೊಡ್ಡ ಸಾಹೇಬ ಎದ್ದು ನಿಂತ. ಮೈದುನನ ಕಡೆ ಬೆರಳು ಮಾಡಿದ. "ನೀನು ಸತ್ತವಳ ಗಂಡ. ನೀನು ಹೇಳು. ಇವಳ ಮಾತು ಬಿಡು. ನಿನ್ನ ಹೆಂಡತೀನ ಕೊಂದದ್ದು ಯಾವುದು?"

ಮೈದುನ ಪಂಜರದ ಕಡೆ ನೋಡಿದ. ಅತ್ತಿಗೆಯ ಕಡೆ ನೋಡಲಿಲ್ಲ. "ನಾನು ಅಲ್ಲಿರ್ಲಿಲ್ಲ ಸಾರ್," ಎಂದ.

"ಗಂಡ ಅಲ್ಲಗಳೆದಿಲ್ಲ," ಎಂದು ದೊಡ್ಡ ಸಾಹೇಬ ಗುಮಾಸ್ತನಿಗೆ ಹೇಳಿದ. "ಪ್ರಾಣಿ ಅಂತಾನೇ ಬರಿ. ವಿಚಾರಣೆ ಮುಗೀತು."

"ನಿಮ್ಮದು ಮುಗೀತು," ಎಂದಳು ಹಗ್ಗದಕ್ಕ. "ನಮ್ಮದು ಕೇಳಿ. ಇನ್ನು ನಮ್ಮಲ್ಲಿ ಯಾರೂ ಬಿಲಕ್ಕೆ ಇಳಿಯಲ್ಲ. ಏರಿ ತೆಗೆದು ಕಟ್ಟಿ. ಗುದ್ದಲಿ ಹಿಡೀತೀವಿ, ಮಣ್ಣು ಹೊರ್ತೀವಿ. ತಲೆ ಒಳಗೆ ಹಾಕಲ್ಲ."

"ನೀವಿಲ್ಲದಿದ್ರೆ ಜನ ಇಲ್ವಾ?" ಎಂದ ಮೇಸ್ತ್ರಿ.

*

ಜನ ಇದ್ದರು. ಜನ ಎಲ್ಲ ಕಡೆಯೂ ಇದ್ದಾರೆ. ಹಸಿದವರಿಗೇನು ಬರವೇ.

ಅಷ್ಟರಲ್ಲಿ ಪಂಜರದ ಪ್ರಾಣಿ ಸತ್ತಿತ್ತು. ಮಾಂಸ ಅದಕ್ಕೆ ಬೇಡ, ಗೆದ್ದಲು ಅದಕ್ಕೆ ಯಾರೂ ಕೊಡಲಿಲ್ಲ. ಕೊಡಲು ಹೋದ ಮುದುಕಿಯನ್ನು ಕಾವಲಿನವನು ತಳ್ಳಿದ. ಚಿಪ್ಪನ್ನೆಲ್ಲ ಮೇಸ್ತ್ರಿ ಸುಲಿಸಿ ಮೂಟೆ ಕಟ್ಟಿ ಎಲ್ಲಿಗೋ ಸಾಗಿಸಿದ. ಸುಲಿದ ಮೇಲೆ ಉಳಿದದ್ದು ಮಗುವಿನ ಮೈಯಷ್ಟು ಮೆತ್ತಗಿತ್ತು ಎಂದು ನೋಡಿದವರು ಹೇಳಿದರು. ಮೈದುನನಿಗೆ ತೂಬಿನ ಕೆಲಸ ಬರಲಿಲ್ಲ. 'ಅತ್ತಿಗೆಯ ಬಾಯಿ ಮುಚ್ಚಿಸಲಾರದವನು ತೂಬು ಮುಚ್ಚುತ್ತಾನಾ?' ಎಂದನಂತೆ ಮೇಸ್ತ್ರಿ. ಅವನು ಮನೆಗೆ ಬಂದು ತಾಯಿ, ಅತ್ತಿಗೆ ಇಬ್ಬರ ಜೊತೆಗೂ ಮಾತು ಬಿಟ್ಟು ತಗಡಿಗೆ ಮುಖ ಮಾಡಿ ಮಲಗಿದ. ಗುಡಿಸಲು ಖಾಲಿ ಮಾಡಲು ಹೇಳಿ ಕಚೇರಿಯವರು ಬಂದು ಹೋದರು.

ಆಮೇಲೊಂದು ಬೆಳಿಗ್ಗೆ ಲಾರಿ ಬಂತು. ಬೇರೆ ಕಡೆಯ ಹೆಂಗಸರು ಇಳಿದರು. ಕಾಲಿಗೆ ಚಪ್ಪಲಿ ಇಲ್ಲದವರು, ಗಂಟು ಹೊತ್ತವರು. ಕಾಲುವೆಗೆ ನೀರು ಬಿಡುವ ಹೊತ್ತು ಹತ್ತಿರವಾಗಿತ್ತು. ಮೇಸ್ತ್ರಿ ಅವರಲ್ಲಿ ತೆಳ್ಳಗಿದ್ದವಳೊಬ್ಬಳನ್ನು ಬೆರಳು ಮಾಡಿ ಕರೆದ. ಹಗ್ಗದ ಇನ್ನೊಂದು ತುದಿಯನ್ನು ತನ್ನ ಆಳೊಬ್ಬನಿಗೆ ಕೊಟ್ಟ. ಆಳು ಅದನ್ನು ಬೆರಳಿಗೆ ಸುತ್ತಿಕೊಂಡು ಬೀಡಿ ಹಚ್ಚಿದ. ಅವಳನ್ನು ಬಿಲದ ಬಾಯಲ್ಲಿ ಬಿಟ್ಟು ಮೇಸ್ತ್ರಿ ಕಚೇರಿಗೆ ಹೋದ. ದೊಡ್ಡ ಸಾಹೇಬ ಬರುವುದಿತ್ತು.

ಹಗ್ಗದಕ್ಕ ಏರಿ ಹತ್ತಿದಳು. ಅವಳ ಹಿಂದೆ ಬಿಲದವರ ಹೆಂಗಸರು ಹತ್ತಿದರು. ಎಲ್ಲರಿಗೂ ಹಿಂದೆ ಮುದುಕಿ ಕೈಯೂರಿಕೊಂಡು ಹತ್ತಿದಳು.

ತೆಳ್ಳಗಿನವಳು ಆಗಲೇ ಮಂಡಿಯೂರಿದ್ದಳು. ಹಗ್ಗವನ್ನು ಅವಳ ಸೊಂಟಕ್ಕೆ ಕಟ್ಟಿದ್ದರು. ಸೊಂಟಕ್ಕೆ ಕಟ್ಟಿ ಎಳೆದರೆ ಮೈ ಮಡಿಚಿಕೊಂಡು ಬಿಲದಲ್ಲಿ ಸಿಕ್ಕಿಬೀಳುತ್ತದೆ. ಅದನ್ನೂ ಅವರಿಗೆ ಯಾರೂ ಹೇಳಿರಲಿಲ್ಲ.

"ತಂಗಿ, ಇಳೀಬೇಡ," ಎಂದಳು ಹಗ್ಗದಕ್ಕ.

ಅವಳು ತಲೆಯೆತ್ತಿ ನೋಡಿದಳು. ಹೆದರಿದ ಕಣ್ಣು. ಹೆದರಿಕೆಯನ್ನು ಮುಚ್ಚಲು ಜೋರು ಮಾಡಿದಳು. "ನೀವೇನಕ್ಕ ಬಿಲದವರು? ಪ್ರಾಣಿಗೆ ಹೆದರ್ಕೊಂಡು ಕೆಲಸ ಬಿಟ್ರಂತಲ್ಲ. ನಮ್ಮ ಅನ್ನಕ್ಕೆ ಕಲ್ಲು ಹಾಕ್ಬೇಡಿ. ಅದು ಸತ್ತೋಯ್ತಂತೆ. ಈಗ ಒಳಗೇನೂ ಇಲ್ವಂತೆ."

"ಮೊದಲೂ ಇರ್ಲಿಲ್ಲ ತಾಯಿ. ಅದು ಗೆದ್ದಲು ತಿನ್ನೋದು. ಅದರ ಬಾಯಲ್ಲಿ ಒಂದು ಹಲ್ಲಿಲ್ಲ. ನನ್ನ ವಾರಗಿತ್ತೀನ ಅದು ಕೊಂದಿಲ್ಲ."

"ಮತ್ತೆ?"

"ಕೊಂದದ್ದು ಬಿಲದೊಳಗಿಲ್ಲ. ಮೇಲೆ ಓಡಾಡುತ್ತೆ."

"ಮೇಲೇನಿದೆ?"

ಹಗ್ಗದಕ್ಕ ಬಾಗಿ ಅವಳ ಸೊಂಟದ ಗಂಟಿಗೆ ಕೈ ಹಾಕಿದಳು. ಗಂಟು ಬಿಗಿಯಾಗಿತ್ತು. ಬಿಚ್ಚುತ್ತಲೇ ನಡೆದದ್ದನ್ನೆಲ್ಲ ಹೇಳಿದಳು. ಬಣ್ಣ ಕಟ್ಟಲಿಲ್ಲ. ಕೋಲು, ಕೆಸರು, ಹಾರ್ನು, ಒಂದೇ ಸಲ ಬಿಗಿದ ಹಗ್ಗ. ಹೊಸ ಹೆಂಗಸರು ಗಂಟು ಇಳಿಸಿ ಸುತ್ತ ನಿಂತು ಕೇಳಿದರು. ಅವರಲ್ಲಿ ವಯಸ್ಸಾದವಳೊಬ್ಬಳು ನೆಲಕ್ಕೆ ಉಗಿದಳು. "ಲಾರಿ ಹತ್ತಿಸುವಾಗ ಇದನ್ನ ಯಾಕೆ ಹೇಳ್ಲಿಲ್ಲ ಅವನು?" ಎಂದಳು. "ಹೇಳಿದ್ರೆ ಹತ್ತುತ್ತಿದ್ಯಾ?" ಎಂದಳು ಮುದುಕಿ.

ಹಗ್ಗ ಹಿಡಿದ ಆಳು ಬೀಡಿ ಎಸೆದು, "ಏ, ಇದೇನು, ಮೇಸ್ತ್ರಿ ಬರ್ಲಿ ಇರಿ" ಎಂದ. ಯಾರೂ ಅವನ ಕಡೆ ನೋಡಲಿಲ್ಲ. ಗಂಟು ಬಿಚ್ಚಿತು.

"ಅಗೋ," ಎಂದಳು ಹಗ್ಗದಕ್ಕ. "ಬರ್ತಾ ಇದೆ."

ತೆಳ್ಳಗಿನವಳು ತಿರುಗಿ ನೋಡಿದಳು. ಏರಿಯ ತಿರುವಿನಲ್ಲಿ ಜೀಪು ಬರುತ್ತಿತ್ತು. ಹಿಂದಿನ ದಿನದ ಮಳೆಗೆ ದಾರಿ ಇನ್ನೂ ಕೆಸರಾಗಿತ್ತು. ಅವಳು ಎದ್ದು ನಿಂತಳು. ಮೊಣಕಾಲಿನ ಮಣ್ಣು ಕೊಡವಿಕೊಳ್ಳಲಿಲ್ಲ. ಬಿಲವನ್ನು ಬಿಟ್ಟು ದಾರಿಯ ನಡುವೆ ಹೋಗಿ ನಿಂತಳು. ಅವಳ ಜೊತೆಯವರೂ ನಿಂತರು. ಬಿಲದವರೂ ನಿಂತರು. ಹೊಲದ ಕಡೆಯಿಂದ ಯಾರೋ ಏದುಸಿರು ಬಿಡುತ್ತಾ ಏರಿ ಹತ್ತಿ ಬಂದು ಹಗ್ಗದಕ್ಕನ ಪಕ್ಕದಲ್ಲಿ, ಗಾಲಿಯ ಜಾಡಿನ ಮೇಲೆ, ಕಾಲೂರಿದರು. ಮೈದುನ.

ಜೀಪು ಹಾರ್ನ್ ಹೊಡೆಯಿತು. ಇನ್ನಷ್ಟು ಹತ್ತಿರ ಬಂದು ಮತ್ತೆ ಹೊಡೆಯಿತು. ಇಂಜಿನ್ನಿನ ಬಿಸಿ ಗಾಳಿ ಹೆಂಗಸರ ಮುಖಕ್ಕೆ ತಾಗುವಷ್ಟು ಹತ್ತಿರ ಬಂದು ನಿಂತಿತು. ಡ್ರೈವರು ಕಿಟಕಿಯಿಂದ ತಲೆ ಹಾಕಿದ.

"ಏ, ಸರೀರೇ ಆ ಕಡೆ! ಒಳಗೆ ಯಾರಿದ್ದಾರೆ ಗೊತ್ತೇನು?"

"ಗೊತ್ತು," ಎಂದಳು ಹಗ್ಗದಕ್ಕ. "ಇಳಿಯೋಕೆ ಹೇಳು."